ಆಡು-ಹುಲಿ ಆಟಕ್ಕೆ ಒಂದು ಬೇತಾಳ

ಈಚಿನ ವರ್ಷಗಳಲ್ಲಿ ನಮ್ಮ ತರುಣರನ್ನು ಸೆಳೆದಿರುವ ಆಟಗಳಲ್ಲಿ ಪಡೆಯಾಟವೆಂಬುದೊಂದು ಬಗೆಯುಂಟು. ಆಡುವವನ ಕೈಯಲ್ಲಿ ನಾಲ್ಕಾರು ಮಂದಿಯ ಸಣ್ಣ ಪಡೆ. ಎದುರಿಗೆ ಅದನ್ನು ಮುತ್ತಲು ಬರುವ ನಡೆಹೆಣಗಳ ಹಿಂಡು. ಈ ನಡೆಹೆಣವನ್ನು ಪರದೇಶದವರು ಝಾಂಬಿ ಎನ್ನುವರು. ಹೈಟಿಯ ಗುಲಾಮರ ನಂಬಿಕೆಗಳಲ್ಲಿ ಬೆಳೆದ ಈ ಕಲ್ಪನೆಯು, 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ತೆಗೆದ ಚಲಚ್ಚಿತ್ರದ ತರುವಾಯ ಇಂದಿನ ರೂಪವನ್ನು ತಾಳಿ, 2012ರಲ್ಲಿ ‘ಝಾಂಬಿಸೈಡ್’ ಎಂಬ ಹಲಗೆಯಾಟವಾಗಿಯೂ ಬಂದಿತು. ಹಳೆಯ ಆಟವೊಂದಕ್ಕೆ ಹೆಣಗಳನ್ನು ಎಬ್ಬಿಸಿ ಹೊಸ ಕಟ್ಟಳೆಗಳನ್ನು ಸೇರಿಸುವುದು ಈಗಿನ ರೂಢಿ. ಇಂಥ ಸೇರ್ಪಡೆಯನ್ನು ಕೊಂಡುತಂದು, ಮೊದಲು ಎಲ್ಲಿ ಕೈಯಿಡಬೇಕೆಂದು ತಿಳಿಯದೆ ಕುಳಿತಿರುವ ಮನೆಗಳು ಹಲವಿರಬಹುದು.

ಆದರೆ ಕೆಲವರ ಬಲವನ್ನು ಹಲವರು ಮುತ್ತಿ ಗೆಲ್ಲುವ ಆಟವು ನಮಗೆ ಹೊಸದೆ? ಹಂಪೆಯ ಮಂಟಪಗಳ ಕಲ್ಲುಚಪ್ಪಡಿಗಳಲ್ಲಿ ಕೊರೆದಿರುವ ಆಡು-ಹುಲಿಯ ಪಟಗಳನ್ನು ನೋಡಿದವರು ಅಹುದೆನ್ನಲಾರರು. ಇರುವ ಆಟವನ್ನು ಹಿಗ್ಗಿಸುವ ಆಸೆಯೂ ಹಳೆಯದೇ. ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಗಂಜೀಫದ ಎಲೆಗಳನ್ನು ಮುನ್ನೂರಕ್ಕೂ ಮಿಕ್ಕುವಷ್ಟು ಬೆಳೆಸಿ ಹೊಸ ಆಟಗಳನ್ನು ಹವಣಿಸಿದರು; ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಆದಕಾರಣ ಕಾಸಿಲ್ಲದೆ ಮನೆಯ ಜಗಲಿಯಲ್ಲೇ ಆಡಬಹುದಾದ ನಡೆಹೆಣದ ಸೇರ್ಪಡೆಯೊಂದನ್ನು ವಾಚಕರ ಮುಂದಿಡುತ್ತೇವೆ. ಇದು ಪರಂಪರೆಯಿಂದ ಬಂದುದಲ್ಲ, ನಾವೇ ಹೊಂದಿಸಿದ್ದು. ಮೂಲದ ಆಟವಾದರೋ ಹಿರಿಯರದು.

ಹೊಸ ಸೇರ್ಪಡೆಗೆ ಕೈಹಾಕುವ ಮುನ್ನ ಮೂಲದ ಆಟವನ್ನು ಚೆನ್ನಾಗಿ ಅರಿತಿರಬೇಕೆಂಬುದು ಮೊದಲ ನಿಯಮ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ನೆತ್ತಿಯನ್ನು ಗುರುತಿಸಿ, ಅಲ್ಲಿಂದ ಬುಡದವರೆಗೆ ಹರಡುವಂತೆ ನಾಲ್ಕು ಗೆರೆಗಳನ್ನು ಎಳೆಯಿರಿ. ಬುಡದಲ್ಲಿ ಅವುಗಳ ತುದಿಗಳನ್ನು ಒಂದು ಅಡ್ಡಗೆರೆಯಿಂದ ಕೂಡಿಸಿರಿ. ನಡುವೆ ಎರಡು ಬದಿಗೂ ಚಾಚುವಂತೆ ಮೂರು ಅಡ್ಡಗೆರೆಗಳನ್ನು ಹಾಕಿ, ಅವುಗಳ ತುದಿಗಳನ್ನು ಎರಡು ಪಕ್ಕದಲ್ಲಿಯೂ ನೇರಗೆರೆಯಿಂದ ಸೇರಿಸಿರಿ. ನೆತ್ತಿಯಲ್ಲಿ 1, ನಡುವಣ ಮೂರು ಸಾಲುಗಳಲ್ಲಿ ತಲಾ 6, ಬುಡದಲ್ಲಿ 4, ಒಟ್ಟು 23 ಮನೆಗಳಾಗುವುವು. ಮೂರು ಕಲ್ಲುಗಳು ಹುಲಿಗಳು. ಹದಿನೈದು ಹುಣಿಸೆಬೀಜಗಳು ಆಡುಗಳು.

ಹುಲಿಗಳಲ್ಲಿ ಒಂದನ್ನು ನೆತ್ತಿಯಲ್ಲಿಯೂ, ಎರಡನ್ನು ಅದರ ಕೆಳಗಿನ ಸಾಲಿನ ನಟ್ಟನಡುವಣ ಎರಡು ಮನೆಗಳಲ್ಲಿಯೂ ಇಡತಕ್ಕದ್ದು. ಆಡಿನವನು ಸರದಿಗೆ ಒಂದರಂತೆ ಆಡುಗಳನ್ನು ಬರಿದಾದ ಮನೆಗಳಲ್ಲಿ ಇಳಿಸುವನು. ಹದಿನೈದೂ ಇಳಿಯುವವರೆಗೆ ಯಾವ ಆಡೂ ಕದಲುವಂತಿಲ್ಲ. ಹುಲಿಯಾದರೋ ಮೊದಲಿನಿಂದಲೇ ಗೆರೆ ಹಿಡಿದು ಒಂದು ಮನೆ ನಡೆಯಬಹುದು; ಇಲ್ಲವೆ ಪಕ್ಕದಲ್ಲಿರುವ ಆಡನ್ನು ನೇರಗೆರೆಯಲ್ಲಿ ನೆಗೆದು ಆಚೆಯ ಬರಿಮನೆಗೆ ಹೋಗಿ ಆ ಆಡನ್ನು ಕೊಲ್ಲಬಹುದು. ಒಂದು ಹುಲಿ ಇನ್ನೊಂದು ಹುಲಿಯನ್ನು ನೆಗೆಯಲಾಗದು. ಮೂರು ಹುಲಿಗಳಿಗೂ ನಡೆಯಿಲ್ಲದಂತೆ ಕಟ್ಟಿದರೆ ಆಡುಗಳಿಗೆ ಗೆಲವು. ಎಷ್ಟು ಆಡುಗಳು ಸತ್ತರೆ ಹುಲಿ ಗೆದ್ದಂತೆ ಎಂಬುದು ಊರಿಂದೂರಿಗೆ ಬೇರೆ. ಆರೆಂದು ಮೊದಲೇ ಗೊತ್ತುಮಾಡಿಕೊಂಡರೆ ಜಗಳವಿಲ್ಲ.

ಕಲಿಯುವವರು ಸಾಮಾನ್ಯವಾಗಿ ಆಡುಗಳನ್ನು ಪಟದ ನಡುವೆ ಇಳಿಸಿ ಬೇಗನೆ ಕಳೆದುಕೊಳ್ಳುವರು. ನಡುಭಾಗದ ಚೌಕದ ನಾಲ್ಕು ಮೂಲೆಗಳು, ಬುಡದ ಎರಡು ತುದಿಗಳು, ಈ ಆರು ಮನೆಗಳಲ್ಲಿ ಗೆರೆಗಳು ಕೊನೆಗೊಳ್ಳುವುದರಿಂದ ಅಲ್ಲಿ ನಿಂತ ಆಡನ್ನು ಯಾವ ಹುಲಿಯೂ ನೆಗೆಯಲಾರದು. ಆರನ್ನು ಮೊದಲು ತುಂಬಿರಿ. ಅವು ತುಂಬಿದ ಮೇಲೆ ಎರಡು ಪಕ್ಕದ ನಡುಮನೆಗಳೂ ಬುಡದ ನಡುವಣ ಎರಡು ಮನೆಗಳೂ ತಾವಾಗಿಯೇ ಕ್ಷೇಮವಾಗುವುವು. ಹತ್ತು ಆಡುಗಳು ಹೀಗೆ ಕೋಟೆಯಾಗಿ ನಿಂತವೆಂದರೆ ಮಿಕ್ಕ ಐದನ್ನು ಒಂದರ ಬೆನ್ನಿಗೊಂದು ಇರುವಂತೆ ಇಳಿಸುತ್ತ ಹುಲಿಯ ದಾರಿಗಳನ್ನು ಒತ್ತಬಹುದು. ಹುಲಿಯ ಕಡೆಯವರು ಮರೆಯಬಾರದ ಮಾತೊಂದೇ: ಮೂರು ಹುಲಿಗಳೂ ಒಂದೆಡೆ ಗುಂಪುಗೂಡಿದರೆ ಒಂದಕ್ಕೊಂದು ತಡೆಯಾಗುವುವು.

ನಾಲ್ಕಾರು ಸಂಜೆ ಹೀಗೆ ಆಡಿ ಪಳಗಿದ ಮೇಲೆ ಬೇತಾಳವನ್ನು ಕರೆಯಬಹುದು. ಕೊಳ್ಳೇಗಾಲವೆಂದೊಡನೆ ಹೊರಗಿನವರು ಮಾಟಮಂತ್ರದ ಮಾತೆತ್ತುವುದು ವಾಡಿಕೆ. ನಮ್ಮ ಬೇತಾಳಕ್ಕೆ ಒಲೆಯ ಇದ್ದಲಿನ ಚೂರೊಂದು ಸಾಕು. ಪರದೇಶದ ನಡೆಹೆಣಕ್ಕೆ ಬುದ್ಧಿಯಿಲ್ಲ, ಮಾತಿಲ್ಲ. ನಮ್ಮ ಇಪ್ಪತ್ತೈದು ಕಥೆಗಳ ಬೇತಾಳವೂ ಹೆಣದೊಳಗೆ ಹೊಕ್ಕಿರುವುದೇ. ಆದರೆ ಅದು ಪ್ರಶ್ನೆ ಕೇಳುವುದು, ಅರಸನು ಉತ್ತರವಿತ್ತೊಡನೆ ಮರಕ್ಕೆ ಹಿಂದಿರುಗುವುದು. ಸೇರ್ಪಡೆಯ ಕಟ್ಟಳೆಗಳೆಲ್ಲ ಇದರಿಂದಲೇ ಹುಟ್ಟುವುವು.

ಮೊದಲನೆಯದು: ಎರಡನೆಯ ಆಡು ಸತ್ತೊಡನೆ ಇದ್ದಲಿನ ಚೂರನ್ನು ಬುಡದ ಸಾಲಿನ ಯಾವುದಾದರೂ ಬರಿಮನೆಯಲ್ಲಿಡುವುದು, ಬರಿಮನೆಯಿಲ್ಲದಿದ್ದರೆ ಆಗುವವರೆಗೆ ಹೊರಗೆ ಕಾಯುವುದು. ಪಟದಲ್ಲಿ ಎಂದಿಗೂ ಬೇತಾಳವು ಒಂದೇ. ಎರಡನೆಯದು: ಆಡುಗಳೆಲ್ಲ ಇಳಿದ ಬಳಿಕ, ಆಡಿನವನು ತನ್ನ ಸರದಿಯಲ್ಲಿ ಆಡಿಗೆ ಬದಲಾಗಿ ಬೇತಾಳವನ್ನು ಒಂದು ಮನೆ ನಡೆಸಬಹುದು, ಹುಲಿಯು ಅದನ್ನು ನೆಗೆಯಲಾರದು. ಮೂರನೆಯದು: ಬೇತಾಳವು ನಡೆದು ಹುಲಿಯ ಪಕ್ಕಕ್ಕೆ ಬಂದಾಗ ಆಡಿನವನು ಒಂದು ಒಗಟನ್ನು ಕೇಳತಕ್ಕದ್ದು. ಹುಲಿಯವನು ಬಿಡಿಸಿದರೆ ಬೇತಾಳವು ಮರಳಿ ಬುಡದ ಸಾಲಿಗೆ. ಬಿಡಿಸದಿದ್ದರೆ ಅಲ್ಲಿಯೇ ನಿಂತು ದಾರಿ ಕಟ್ಟುವುದು. ಒಗಟು ತಿಳಿದ ಅಜ್ಜಿಯೊಬ್ಬರು ಆಡಿನ ಪಕ್ಕದಲ್ಲಿ ಕುಳಿತರೆ ಹುಲಿಯ ಪಾಡು ಕಷ್ಟವೇ ಸರಿ. ಆದರೆ ಬೇತಾಳವನ್ನು ನಡೆಸಿದ ಸರದಿಯಲ್ಲಿ ಬದುಕಿರುವ ಆಡುಗಳಾವುವೂ ಕದಲುವಂತಿಲ್ಲ. ಸತ್ತದ್ದರ ಮೇಲೆ ಭರವಸೆಯಿಟ್ಟು ಇದ್ದವನ್ನು ಬಾಯಿಗೊಡ್ಡಿದವರೂ ಉಂಟು.

ಇಷ್ಟು ಸಣ್ಣ ಸೇರ್ಪಡೆಯಿಂದ ಆಟದ ಬುದ್ಧಿಯೇ ಬದಲಾಗುವುದು. ಮೂಲದ ಆಟದಲ್ಲಿ ಸತ್ತ ಆಡು ಲೆಕ್ಕದಿಂದ ಹೊರಗೆ. ಇಲ್ಲಿ ಸತ್ತದ್ದು ತಿರುಗಿ ಬರುವುದಾದುದರಿಂದ, ಹುಲಿಯವನು ನೆಗೆಯುವ ಮುನ್ನ ‘ಇದನ್ನು ಕೊಂದರೆ ಮುಂದೇನು?’ ಎಂದು ಕೇಳಿಕೊಳ್ಳಬೇಕಾಗುವುದು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯು ಬರಿಯ ಆಟದ್ದಲ್ಲ. ಯಳಂದೂರಿನ ಪಕ್ಕದ ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. ಹನೂರು ಕಡೆಯ ಮಲೆ ಮಹದೇಶ್ವರ ವನ್ಯಧಾಮವನ್ನು 2013ರಲ್ಲಿ ಘೋಷಿಸಲಾಯಿತು. ಕಾಡಿನಂಚಿನಲ್ಲಿ ದನ ಮೇಯಿಸುವವನಿಗೆ ಒಂದು ಹಸುವೆಂದರೆ ಮನೆಯ ಹಾಲೂ ಹೌದು, ಆಪತ್ತಿನ ಹಣವೂ ಹೌದು. 2025ರ ಜೂನ್ 26ರಂದು ಆ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತೆಂದು ತನಿಖೆಯಿಂದ ಹೊರಬಿದ್ದಿತು. ಸತ್ತ ಹಸುವು ಐದು ಹುಲಿಗಳ ಬಳಿಗೆ ತಿರುಗಿ ಬಂದಿತ್ತು. ಒಗಟು ಕೇಳಲಿಲ್ಲ, ಉತ್ತರಕ್ಕೆ ಎಡೆಗೊಡಲೂ ಇಲ್ಲ.

ಹಸುವನ್ನು ಕಳೆದುಕೊಂಡವನ ನೋವನ್ನು ಅಲ್ಲಗಳೆಯುವವರು ನಾವಲ್ಲ. ಪರಿಹಾರದ ಹಣವು ತಡವಾದಷ್ಟೂ ಆ ನೋವು ವಿಷವಾಗುವುದೆಂಬುದನ್ನು ಬಲ್ಲೆವು. ಆದರೂ ಹಿರಿಯರು ಈ ಆಟವನ್ನು ಕಟ್ಟಿದಾಗ ಆಡುಗಳಿಗೆ ಕೊಟ್ಟ ಬಲವನ್ನು ಗಮನಿಸಬೇಕು. ಹದಿನೈದು ಆಡುಗಳಲ್ಲಿ ಒಂದಕ್ಕೂ ಹುಲಿಯನ್ನು ಕೊಲ್ಲುವ ಹಕ್ಕಿಲ್ಲ. ಕೂಡಿ ನಿಂತು ದಾರಿ ಕಟ್ಟುವುದೊಂದೇ ಅವುಗಳ ಗೆಲವು. ಆಟ ಮುಗಿದಾಗ ಮೂರು ಹುಲಿಗಳೂ ಪಟದ ಮೇಲೆಯೇ ಇರುವುವು. ಕಂಸಾಳೆಯ ದೇವರಗುಡ್ಡರು ಹಾಡಿ ಹೊಗಳುವ ಮಾದಪ್ಪನೂ ಹುಲಿಯನ್ನು ಕೊಂದವನಲ್ಲ, ಏರಿ ಬಂದವನು.

ಆದುದರಿಂದ ಮಕ್ಕಳನ್ನು ಕೂಡಿಸಿಕೊಂಡು ಆಡುವಾಗ ಹುಲಿಯ ಪಾಲನ್ನೂ ಆಡಿನ ಪಾಲನ್ನೂ ಸರದಿಯಂತೆ ಎಲ್ಲರಿಗೂ ಕೊಡಿರಿ. ಒಂದು ಸಂಜೆ ಹುಲಿಯಾಗಿ ಕಟ್ಟುಬಿದ್ದು, ಇನ್ನೊಂದು ಸಂಜೆ ಆಡಾಗಿ ನೆಗೆತಕ್ಕೆ ಸಿಕ್ಕಿದ ಮಗುವಿಗೆ ಎರಡು ಕಡೆಯ ಭಯವೂ ತಿಳಿಯುವುದು. ಕಾಡಿನಂಚಿನ ಊರುಗಳಲ್ಲಿ ಬೆಳೆಯುವವರಿಗೆ ಈ ತಿಳಿವು ಮುಂದೆ ಬೇಕಾದೀತು.