ಕೆರೆಗಳಲ್ಲಿ ಅಂತರಗಂಗೆ: ತೆರವು ಕಾಮಗಾರಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಕ್ರಿಯಾಯೋಜನೆಯಲ್ಲಿ ಕೆರೆಯ ಕಳೆ ತೆರವು ಕಾಮಗಾರಿ ಒಮ್ಮೆ ಸೇರಿದರೆ, ಒಂದೆರಡು ವರ್ಷಗಳಲ್ಲಿ ಅದೇ ಕೆರೆಯ ಹೆಸರಿನಲ್ಲಿ ಮತ್ತೆ ಕಾಣಿಸಿಕೊಳ್ಳುವುದುಂಟು. ಇದಕ್ಕೆ ಗುತ್ತಿಗೆದಾರರನ್ನಷ್ಟೇ ದೂರುವುದು ಸರಿಯಲ್ಲ. ಕಾರಣವು ಸಸ್ಯದ ಸ್ವಭಾವದಲ್ಲಿಯೂ ಕೆರೆಗೆ ಹರಿದುಬರುವ ನೀರಿನಲ್ಲಿಯೂ ಇದೆ.

ಜನರು ಅಂತರಗಂಗೆ ಎಂದು ಕರೆಯುವ, ಉಬ್ಬಿದ ತೊಟ್ಟು ಮತ್ತು ನೇರಳೆ ಹೂವುಳ್ಳ ಈ ತೇಲುಸಸ್ಯದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಹೂವಿನ ಅಂದಕ್ಕಾಗಿ 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದ ಗಿಡ ದೇಶದ ಕೆರೆಗಳನ್ನು ಆವರಿಸಿತು. ಬುಡದ ಕುಡಿಗಳಿಂದಲೇ ಮರಿಗಿಡಗಳು ಹುಟ್ಟುವುದರಿಂದ ಪೋಷಕಾಂಶವುಳ್ಳ ಬೆಚ್ಚಗಿನ ನೀರಿನಲ್ಲಿ ಇದು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಮೂಲೆಯಲ್ಲಿ ಒಂದು ಗುಂಟೆಯಷ್ಟು ಉಳಿದರೆ, ಈ ಲೆಕ್ಕದಲ್ಲಿ 12 ವಾರಗಳಿಗೆ 64 ಗುಂಟೆ, ಅಂದರೆ ಒಂದೂವರೆ ಎಕರೆಗೂ ಹೆಚ್ಚು. ಹೂಳಿನಲ್ಲಿ ಬಿದ್ದ ಬೀಜವು 15 ವರ್ಷಗಳವರೆಗೂ ಜೀವ ಹಿಡಿದಿರಬಲ್ಲದು. ಬೇಸಿಗೆಯಲ್ಲಿ ಕೆರೆ ಒಣಗಿತೆಂದು ಸಮಾಧಾನಪಡುವಂತಿಲ್ಲ.

ದಟ್ಟ ಹೊದಿಕೆಯಡಿ ಬೆಳಕು ಮತ್ತು ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ, ತೂಬು ಕಟ್ಟಿಕೊಳ್ಳುತ್ತದೆ. ಆನೆಕಾಲು ರೋಗ ಹರಡಬಲ್ಲ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಇದರ ಬೇರಿಗೆ ಅಂಟಿಕೊಂಡೇ ಉಸಿರಾಡುತ್ತವೆ.

ಕಳೆಗೆ ಆಹಾರ ಒದಗಿಸುವುದು ಊರಿನ ಚರಂಡಿ. ಬಚ್ಚಲುನೀರು, ಶೌಚಗುಂಡಿಯ ಸೋರಿಕೆ, ತಿಪ್ಪೆಯ ಬಸಿ, ಹೊಲದ ಗೊಬ್ಬರದ ಅಂಶ ಇವುಗಳಲ್ಲಿರುವ ಸಾರಜನಕ ಮತ್ತು ರಂಜಕ ಕೆರೆ ಸೇರುತ್ತಿರುವವರೆಗೆ ಯಂತ್ರದಿಂದ ತೆಗೆದಷ್ಟೂ ಬೆಳೆಯುತ್ತದೆ. ಆದುದರಿಂದ ಅಂದಾಜುಪಟ್ಟಿಯಲ್ಲಿ ಮೊದಲ ಸ್ಥಾನ ಸಲ್ಲಬೇಕಾದುದು ಯಂತ್ರದ ಬಾಡಿಗೆಗಲ್ಲ, ಬೂದುನೀರು ನಿರ್ವಹಣೆಗೆ. ಮನೆಗೊಂದು ಬಚ್ಚಲುಗುಂಡಿ, ಚರಂಡಿಯು ಕೆರೆ ಸೇರುವಲ್ಲಿ ನೀರು ನಿಂತು ತಿಳಿಯಾಗುವ ಹೊಂಡ ಇವು ಕಣ್ಣಿಗೆ ಕಾಣುವ ಕೆಲಸಗಳಲ್ಲ, ಉದ್ಘಾಟನೆಗೂ ಒದಗುವುದಿಲ್ಲ. ಆದರೂ ಕೆರೆ ಉಳಿಯುವುದು ಇವುಗಳಿಂದಲೇ.

ತೆರವನ್ನು ಹೂ ಬಿಡುವ ಮೊದಲೇ, ಹೊದಿಕೆ ಚಿಕ್ಕದಾಗಿರುವಾಗ ಕೈಗೊಳ್ಳುವುದು ಅಗ್ಗ. ಗಿಡದ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ಇರುವುದರಿಂದ ಹಸಿಯಾಗಿ ದೂರ ಸಾಗಿಸುವುದು ನೀರಿಗೆ ಬಾಡಿಗೆ ತೆತ್ತಂತೆ. ಸಮೀಪದಲ್ಲಿ ಬಾಡಿಸಿ ಸಾಗಿಸಬೇಕು. ಆದರೆ ಏರಿಯ ಮೇಲೆ ಅಥವಾ ನೀರಿನಂಚಿನಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೆ ಬೀಜವೂ ಸಾರವೂ ಕೆರೆಗೆ ಮರಳುತ್ತವೆ. ಸಗಣಿಯೊಂದಿಗೆ ಚೆನ್ನಾಗಿ ಕೊಳೆಯಿಸಿ ಗೊಬ್ಬರ ಮಾಡಬಹುದು. ಕಾರ್ಖಾನೆಯ ತ್ಯಾಜ್ಯ ಸೇರುವ ಕೆರೆಯ ಗಿಡ ಭಾರಲೋಹಗಳನ್ನು ಹೀರಿರುವುದರಿಂದ ಅದನ್ನು ಹೊಲಕ್ಕಾಗಲಿ ಮೇವಿಗಾಗಲಿ ಬಳಸಬಾರದು. ದನ ಕುಡಿಯುವ ಕೆರೆಗೆ ಕಳೆನಾಶಕ ಸಿಂಪಡಿಸುವ ಸಲಹೆ ಬಂದರೆ ಒಪ್ಪಬೇಡಿ. ಸತ್ತ ಗಿಡ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಒಟ್ಟಿಗೆ ಸಾಯುತ್ತವೆ.

ಈ ಗಿಡವನ್ನೇ ತಿನ್ನುವ ನಿಯೋಕೆಟಿನಾ ಮೂತಿಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟಾಗ ಫಲ ದೊರೆಯಿತು. ಅವಕ್ಕೆ ವರ್ಷಗಳ ಕಾಲಾವಕಾಶ ಬೇಕು. ಕೃಷಿ ವಿಶ್ವವಿದ್ಯಾಲಯದ ತಜ್ಞರ ಸಲಹೆಯಿಲ್ಲದೆ ತರಿಸಬಾರದು.

ಕೆರೆಯ ಹಸಿರೆಲ್ಲವೂ ಕಳೆಯಲ್ಲ. ತಾವರೆ, ನೈದಿಲೆ ಈ ನೆಲದವೇ. ಒಳಹರಿವಿನ ಬಾಯಿಯ ಜೊಂಡು ಹೂಳನ್ನು ತಡೆದು ನೀರುಕೋಳಿಗಳಿಗೆ ಗೂಡುಕಟ್ಟಲು ಮರೆ ನೀಡುತ್ತದೆ. ಅದನ್ನು ತೂಬು ಮತ್ತು ಕೋಡಿಯ ಬಳಿ ಮಾತ್ರ ತೆಗೆದರೆ ಸಾಕು.

ಗುತ್ತಿಗೆ ಕರಾರಿನಲ್ಲಿ ತೆರವಿನ ನಂತರದ ಎರಡು ವರ್ಷಗಳ ನಿರ್ವಹಣೆ ಸೇರಿರಬೇಕು, ಹಣದ ಒಂದು ಭಾಗವನ್ನು ಅದಕ್ಕೆ ತಡೆಹಿಡಿಯಬೇಕು. ಮೀನು ಗುತ್ತಿಗೆದಾರರೂ ನೀರುಗಂಟಿಯೂ ಹದಿನೈದು ದಿನಕ್ಕೊಮ್ಮೆ ಅಂಚಿನ ಮರಿಗಿಡಗಳನ್ನು ಕಿತ್ತು ಹಾಕುವಂತೆ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಂಡು, ನಡಾವಳಿಯಲ್ಲಿ ಕೆರೆವಾರು ಹೊಣೆಗಾರರನ್ನು ನಮೂದಿಸಬಹುದು.