ವರ್ಣಪೂರ್ವಗ್ರಹದ ನಿವಾರಣೆ ಮತ್ತು ತರಗತಿಯ ಪಾಠ

ಮನುಷ್ಯನ ಬುದ್ಧಿ, ಶೀಲ, ಯೋಗ್ಯತೆಗಳನ್ನು ಅವನ ಮೈಬಣ್ಣದ ಮೇಲಿನಿಂದಲೂ ಮುಖಚಹರೆಯ ಮೇಲಿನಿಂದಲೂ ನಿರ್ಣಯಿಸಿಬಿಡುವ ಪ್ರವೃತ್ತಿಯನ್ನು ವರ್ಣಪೂರ್ವಗ್ರಹವೆಂದು ಕರೆಯಬಹುದು. ಮಗು ತನ್ನ ಸುತ್ತಣವರ ಬಣ್ಣವನ್ನು ತಾನಾಗಿಯೇ ಗುರುತಿಸಬಲ್ಲುದು. ಆದರೆ ಆ ಬಣ್ಣಕ್ಕೆ ಬೆಲೆ ಕಟ್ಟುವುದನ್ನು ಮನೆ, ಬೀದಿ, ಪುಸ್ತಕ, ಚಲನಚಿತ್ರಗಳಿಂದ ಕಲಿಯುತ್ತದೆ. ಹೀಗೆ ಕಲಿತುದನ್ನು ಶಾಲೆಯು ಬಿಡಿಸಬಲ್ಲುದೆ? ಬಿಡಿಸಬಲ್ಲುದಾದರೆ ಯಾವ ಕ್ರಮದಿಂದ? ಈ ಪ್ರಶ್ನೆಗಳನ್ನು ಕುರಿತು ಕಳೆದ ಎಪ್ಪತ್ತೈದು ವರ್ಷಗಳಲ್ಲಿ ನಡೆದಿರುವ ಮುಖ್ಯ ಪ್ರಯೋಗಗಳನ್ನು ಪರಿಶೀಲಿಸಿ, ನಮ್ಮ ನಾಡಿನ ಶಾಲೆಗಳಿಗೆ ಅವುಗಳಿಂದ ಒದಗಬಹುದಾದ ಪ್ರಯೋಜನವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1. ಶಬ್ದದ ತೊಡಕು

ಮೊದಲಿಗೆ ಒಂದು ಶಬ್ದವನ್ನು ಕುರಿತು ಹೇಳಬೇಕಾಗಿದೆ. ಕನ್ನಡದಲ್ಲಿ ‘ಜನಾಂಗ’ ಎಂಬ ಮಾತು ಹಲವು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಒಂದು ಜಾತಿಯನ್ನು ಜನಾಂಗವೆನ್ನುತ್ತೇವೆ, ಒಂದು ದೇಶದ ಪ್ರಜೆಗಳನ್ನೂ ಜನಾಂಗವೆನ್ನುತ್ತೇವೆ, ಮುಂದಿನ ತಲೆಮಾರಿನವರನ್ನು ‘ಮುಂದಿನ ಜನಾಂಗ’ವೆನ್ನುತ್ತೇವೆ, ಆಫ್ರಿಕಾ, ಐರೋಪ್ಯ, ಮಂಗೋಲಿಯ ಎಂದು ಹಿಂದಿನ ಶಾಸ್ತ್ರಜ್ಞರು ಮಾಡಿದ್ದ ವಿಭಾಗಗಳಿಗೂ ಅದೇ ಹೆಸರು. ಭಾರತ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದ ಮೇಲೆ ರಾಜ್ಯವು ತಾರತಮ್ಯ ಮಾಡಕೂಡದೆಂದು ವಿಧಿಸುವಲ್ಲಿ, ಜಾತಿಯನ್ನೂ ಮೂಲವಂಶವನ್ನೂ ಬೇರೆಬೇರೆಯಾಗಿಯೇ ಹೆಸರಿಸಿದೆ. ವಿದ್ಯಾರ್ಥಿಗಳೊಡನೆ ಈ ವಿಷಯವನ್ನು ಚರ್ಚಿಸುವ ಅಧ್ಯಾಪಕರು ಈ ವ್ಯತ್ಯಾಸವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಇಲ್ಲವಾದರೆ, ‘ಇದು ಅಮೆರಿಕದವರ ರೋಗ, ನಮಗೆ ಸಂಬಂಧಿಸಿದುದಲ್ಲ’ ಎಂಬ ಸಮಾಧಾನಕ್ಕೆ ಎಡೆಯಾಗುತ್ತದೆ.

2. ವಿಜ್ಞಾನದ ಪಾಠ

ನಾಜಿ ಜರ್ಮನಿಯ ಘೋರಕೃತ್ಯಗಳ ಅನಂತರ, 1949ರ ಡಿಸೆಂಬರಿನಲ್ಲಿ, ಯುನೆಸ್ಕೋ ಸಂಸ್ಥೆಯು ವಿದ್ವಾಂಸರ ಒಂದು ಮಂಡಲಿಯನ್ನು ಪ್ಯಾರಿಸ್ಸಿನಲ್ಲಿ ಸೇರಿಸಿತು. ಭಾರತದ ಹುಮಾಯೂನ್ ಕಬೀರರೂ ಅದರಲ್ಲಿದ್ದರು. 1950ರ ಜುಲೈ ತಿಂಗಳಿನಲ್ಲಿ ಪ್ರಕಟವಾದ ಅವರ ಹೇಳಿಕೆಯು, ಜನಾಂಗವೆಂದು ಲೋಕರೂಢಿಯಲ್ಲಿ ಕರೆಯುವುದು ಜೀವಶಾಸ್ತ್ರದ ವಾಸ್ತವಕ್ಕಿಂತ ಹೆಚ್ಚಾಗಿ ಸಮಾಜವು ಕಟ್ಟಿಕೊಂಡ ಕಲ್ಪನೆಯೆಂದು ಸಾರಿತು. 1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿಯು ರಕ್ತದ ಪ್ರೋಟೀನುಗಳ ಭೇದಗಳನ್ನು ಲೆಕ್ಕಹಾಕಿ, ಮನುಷ್ಯರಲ್ಲಿ ಕಾಣುವ ಆನುವಂಶಿಕ ವೈವಿಧ್ಯದಲ್ಲಿ ಸುಮಾರು 85 ಪಾಲು ಒಂದೊಂದು ಜನಸಮುದಾಯದ ಒಳಗೇ ಇರುವುದೆಂದೂ, ‘ಜನಾಂಗ’ಗಳ ನಡುವಣ ಭೇದವು 100ಕ್ಕೆ 6ರಷ್ಟು ಮಾತ್ರವೆಂದೂ ತೋರಿಸಿದನು. ಮೈಬಣ್ಣವಾದರೋ ಬಿಸಿಲಿನ ನೇರಳಾತೀತ ಕಿರಣಗಳ ಪ್ರಮಾಣಕ್ಕೆ ಅನುಗುಣವಾಗಿ ಸಾವಿರಾರು ವರ್ಷಗಳಲ್ಲಿ ಉಂಟಾದ ಹೊಂದಾಣಿಕೆ. ಬುದ್ಧಿಗೂ ಶೀಲಕ್ಕೂ ಅದು ಅಳತೆಗೋಲಲ್ಲ.

ಈ ಜ್ಞಾನವನ್ನು ಪ್ರೌಢಶಾಲೆಯ ವಿಜ್ಞಾನದ ಪಾಠದಲ್ಲಿ ಹೇಳಲೇಬೇಕು. ಆದರೆ ಪೂರ್ವಗ್ರಹವು ಬರಿಯ ಅಜ್ಞಾನದಿಂದ ಹುಟ್ಟಿದುದಲ್ಲವಾದ್ದರಿಂದ ಬರಿಯ ಜ್ಞಾನದಿಂದ ಅಳಿಯುವುದೂ ಇಲ್ಲ. ಪರೀಕ್ಷೆಯಲ್ಲಿ ಸರಿಯಾದ ಉತ್ತರವನ್ನು ಬರೆದ ವಿದ್ಯಾರ್ಥಿಯೇ ಆಟದ ಬಯಲಿನಲ್ಲಿ ಸಹಪಾಠಿಯನ್ನು ಅಡ್ಡಹೆಸರಿನಿಂದ ಕೂಗುವುದುಂಟು.

3. ಗೊಂಬೆಗಳ ಪ್ರಯೋಗ

ಪೂರ್ವಗ್ರಹಕ್ಕೆ ಗುರಿಯಾದ ಮಗುವಿನ ಮನಸ್ಸಿನಲ್ಲಿ ಏನು ಸಂಭವಿಸುತ್ತದೆ ಎಂಬುದನ್ನು ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ದಂಪತಿಗಳು ಪರೀಕ್ಷಿಸಿದರು. 1947ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 3ರಿಂದ 7 ವರ್ಷದ 253 ಮಂದಿ ಕಪ್ಪುವರ್ಣದ ಮಕ್ಕಳಿದ್ದರು. ಬಣ್ಣದ ಹೊರತು ಉಳಿದಂತೆ ಒಂದೇ ಬಗೆಯ ಗೊಂಬೆಗಳನ್ನು ಮುಂದಿಟ್ಟು, ‘ಆಡಲು ನಿನಗೆ ಯಾವುದು ಇಷ್ಟ?’, ‘ಒಳ್ಳೆಯ ಗೊಂಬೆ ಯಾವುದು?’, ‘ಕೆಟ್ಟದಾಗಿ ಕಾಣುವುದು ಯಾವುದು?’ ಎಂದು ಕೇಳಿ, ಕೊನೆಯಲ್ಲಿ ‘ನಿನ್ನಂತೆ ಇರುವುದು ಯಾವುದು?’ ಎಂದು ಪ್ರಶ್ನಿಸಲಾಯಿತು. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಆಟಕ್ಕೆ ಬಿಳಿಯ ಗೊಂಬೆಯನ್ನೇ ಆರಿಸಿಕೊಂಡರು. ಅರ್ಧಕ್ಕೂ ಹೆಚ್ಚು ಮಂದಿ ಕಂದುಬಣ್ಣದ ಗೊಂಬೆಯನ್ನು ಕೆಟ್ಟದೆಂದರು. ತಾವು ಆಗತಾನೆ ಕೆಟ್ಟದೆಂದು ತಳ್ಳಿದ ಗೊಂಬೆಯನ್ನೇ ತಮ್ಮಂತೆ ಇರುವುದೆಂದು ಒಪ್ಪಿಕೊಳ್ಳಬೇಕಾದಾಗ ಕೆಲವರು ಅತ್ತುಬಿಟ್ಟರು. 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ವರ್ಣಭೇದದ ಪ್ರತ್ಯೇಕತೆಯನ್ನು ಸಂವಿಧಾನವಿರುದ್ಧವೆಂದು ತೀರ್ಮಾನಿಸಿದಾಗ ಕ್ಲಾರ್ಕರ ಕೆಲಸವನ್ನೂ ಉಲ್ಲೇಖಿಸಿತು.

ಈ ಅಧ್ಯಯನದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ದಕ್ಷಿಣದ ಪ್ರತ್ಯೇಕ ಶಾಲೆಗಳ ಮಕ್ಕಳಿಗಿಂತ, ಬಿಳಿಯರೊಡನೆ ಕೂಡಿ ಕಲಿಯುತ್ತಿದ್ದ ಉತ್ತರದ ಮಕ್ಕಳಲ್ಲಿ ಬಿಳಿಯ ಗೊಂಬೆಯ ಒಲವು ಕೊಂಚ ಹೆಚ್ಚಾಗಿಯೇ ಕಂಡುಬಂದಿತು. ಇದರಿಂದ ಪ್ರತ್ಯೇಕತೆಯೇ ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಒಂದೇ ಕೊಠಡಿಯಲ್ಲಿ ಕೂರಿಸಿದ ಮಾತ್ರದಿಂದ ಕೆಲಸ ಮುಗಿಯಿತೆಂದು ಶಾಲೆಯು ಭಾವಿಸಕೂಡದೆಂಬುದು ಮಾತ್ರ ಇದರಿಂದ ತಿಳಿಯುತ್ತದೆ.

4. ಸಂಪರ್ಕದ ನಿಯಮಗಳು

ಹಾಗಾದರೆ ಕೂಡಿ ಕೂರುವುದಕ್ಕೆ ಇನ್ನೇನು ಸೇರಬೇಕು? ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನಾಲ್ಕು ನಿಯಮಗಳನ್ನು ಸೂಚಿಸಿದನು: ಕೂಡುವ ಎರಡು ಗುಂಪುಗಳಿಗೂ ಆ ಸಂದರ್ಭದಲ್ಲಿ ಸಮಾನ ಸ್ಥಾನವಿರಬೇಕು, ಇಬ್ಬರಿಗೂ ಸಮಾನವಾದ ಒಂದು ಗುರಿಯಿರಬೇಕು, ಆ ಗುರಿಯು ಸ್ಪರ್ಧೆಯಿಂದಲ್ಲದೆ ಸಹಕಾರದಿಂದ ಕೈಗೂಡುವಂತಿರಬೇಕು, ಮೇಲಿನ ಅಧಿಕಾರಸ್ಥರ ಬೆಂಬಲವಿರಬೇಕು. ಪೆಟಿಗ್ರೂ ಮತ್ತು ಟ್ರಾಪ್ ಎಂಬ ಸಂಶೋಧಕರು 515 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ಸಂಪರ್ಕದಿಂದ ಪೂರ್ವಗ್ರಹವು ಸಾಮಾನ್ಯವಾಗಿ ತಗ್ಗುವುದೆಂದೂ, ಈ ನಿಯಮಗಳು ಕೂಡಿಬಂದಲ್ಲಿ ಹೆಚ್ಚು ತಗ್ಗುವುದೆಂದೂ ತೋರಿಸಿತು. ನಮ್ಮ ಸಾಮಾನ್ಯ ತರಗತಿಯಲ್ಲಿ ಅಧ್ಯಾಪಕನು ಪ್ರಶ್ನೆ ಕೇಳುತ್ತಾನೆ, ಹಲವರು ಕೈಯೆತ್ತುತ್ತಾರೆ, ಒಬ್ಬನು ತಪ್ಪಿದರೆ ಉಳಿದವರಿಗೆ ಅವಕಾಶ ದೊರೆಯುತ್ತದೆ. ಸಹಪಾಠಿಯ ಸೋಲಿನಲ್ಲಿ ತನ್ನ ಗೆಲುವನ್ನು ಕಾಣಲು ಕಲಿಸುವ ಈ ಕ್ರಮದಲ್ಲಿ ಮೂರನೆಯ ನಿಯಮವು ಪ್ರತಿದಿನವೂ ಭಂಗವಾಗುತ್ತದೆಂದು ಹೇಳಬೇಕಾಗುತ್ತದೆ.

5. ಮೂರು ಮಾರ್ಗಗಳು

ಶಾಲೆಗಳು ಅನುಸರಿಸಿರುವ ಮಾರ್ಗಗಳಲ್ಲಿ ಮೊದಲನೆಯದು ಉತ್ಸವದ ಮಾರ್ಗ. ಬೇರೆ ಬೇರೆ ಸಮುದಾಯಗಳ ಉಡುಪು, ಅಡುಗೆ, ಕುಣಿತಗಳನ್ನು ವರ್ಷಕ್ಕೊಮ್ಮೆ ಪ್ರದರ್ಶಿಸುವುದು ಇದರ ರೂಪ. ಬ್ರಿಟನ್ನಿನಲ್ಲಿ 1970 ಮತ್ತು 80ರ ದಶಕಗಳಲ್ಲಿ ಇದು ಬಹಳ ಬಳಕೆಗೆ ಬಂದು, ಸೀರೆ, ಸಮೋಸಾ, ಉಕ್ಕಿನ ಪೀಪಾಯಿಯ ವಾದ್ಯಗಳ ಶಿಕ್ಷಣವೆಂಬ ಪರಿಹಾಸಕ್ಕೂ ಗುರಿಯಾಯಿತು. ಪರಿಹಾಸದಲ್ಲಿ ಅರ್ಥವಿಲ್ಲದಿಲ್ಲ. ವೈವಿಧ್ಯವನ್ನು ಕೊಂಡಾಡುವುದು ಒಳ್ಳೆಯದೇ. ಆದರೆ ಸಮೋಸಾ ತಿಂದು ಮೆಚ್ಚಿದವನು ಅದನ್ನು ತಂದ ಹುಡುಗನನ್ನು ಮರುದಿನ ಅವಮಾನಿಸದಿರಲು ಆ ಮೆಚ್ಚುಗೆಯೊಂದೇ ಸಾಲದು. 1993ರ ಏಪ್ರಿಲಿನಲ್ಲಿ ಲಂಡನ್ ನಗರದಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪುವರ್ಣದ ತರುಣನನ್ನು ಬಿಳಿಯ ತರುಣರ ಗುಂಪೊಂದು ಕೊಂದಿತು. ಅದನ್ನು ಕುರಿತ ಮ್ಯಾಕ್‌ಫರ್ಸನ್ ವರದಿಯು 1999ರಲ್ಲಿ, ಸಂಸ್ಕೃತಿ ವೈವಿಧ್ಯಕ್ಕೆ ಬೆಲೆ ಕೊಡುವುದನ್ನೂ ವರ್ಣದ್ವೇಷವನ್ನು ತಡೆಯುವುದನ್ನೂ ಒಟ್ಟಾಗಿಯೇ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಸೇರಿಸಬೇಕೆಂದೂ, ಶಾಲೆಗಳಲ್ಲಿ ನಡೆಯುವ ಇಂಥ ಘಟನೆಗಳನ್ನು ದಾಖಲೆ ಮಾಡಬೇಕೆಂದೂ ಸಲಹೆಮಾಡಿತು. ಕೊಂಡಾಟವೂ ಪ್ರತಿಭಟನೆಯೂ ಒಂದೇ ಪಾಠದ ಎರಡು ಮುಖಗಳೆಂಬುದು ಇದರ ತಾತ್ಪರ್ಯ.

ಎರಡನೆಯದು ಅನುಭವದ ಮಾರ್ಗ. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತರಾದ ಮರುದಿನ, ಅಯೋವಾ ಪ್ರಾಂತದ ರೈಸ್‌ವಿಲ್ ಎಂಬ ಸಣ್ಣ ಊರಿನ ಶಿಕ್ಷಕಿ ಜೇನ್ ಎಲಿಯಟ್, ಬಿಳಿಯ ಮಕ್ಕಳೇ ತುಂಬಿದ್ದ ತನ್ನ ಮೂರನೆಯ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಇಬ್ಭಾಗ ಮಾಡಿದರು. ಒಂದು ಸರದಿಯಲ್ಲಿ ನೀಲಿಗಣ್ಣಿನವರು ಮೇಲಿನವರು, ಇನ್ನೊಂದು ಸರದಿಯಲ್ಲಿ ಕಂದುಗಣ್ಣಿನವರು. ಕೀಳೆಂದು ಕರೆಯಿಸಿಕೊಂಡ ಮಕ್ಕಳು ಕೆಲವೇ ಗಂಟೆಗಳಲ್ಲಿ ಕುಗ್ಗಿದರು. ಮೇಲಿನವರೆನಿಸಿಕೊಂಡವರು ದರ್ಪ ತೋರಿದರು. ತಾರತಮ್ಯವು ಎಷ್ಟು ಬೇಗ ಬೇರೂರುವುದೆಂಬುದನ್ನು ಈ ಪ್ರಯೋಗವು ಮರೆಯಲಾಗದಂತೆ ತೋರಿಸಿತು. ಆದರೆ ಇದನ್ನು ಅನುಕರಿಸಬೇಕೆಂದು ನಾವು ಹೇಳಲಾರೆವು. ಎಳೆಯ ಮಕ್ಕಳನ್ನು, ಅವರಿಗೂ ಪೋಷಕರಿಗೂ ಮುಂಚಿತವಾಗಿ ತಿಳಿಸದೆ, ಅವಮಾನಕ್ಕೆ ಗುರಿಮಾಡುವುದು ನ್ಯಾಯವಲ್ಲ. ಅಲ್ಲದೆ, ಪ್ರತಿದಿನ ಅವಮಾನವನ್ನು ಉಣ್ಣುತ್ತಿರುವ ಮಗು ಅದೇ ತರಗತಿಯಲ್ಲಿದ್ದರೆ ಈ ಆಟವು ಅದಕ್ಕೆ ಪಾಠವಾಗದು, ಗಾಯದ ಮೇಲೆ ಬರೆಯಾದೀತು.

ಮೂರನೆಯದು ಸಹಕಾರದ ಮಾರ್ಗ. 1971ರಲ್ಲಿ ಟೆಕ್ಸಸ್ ಪ್ರಾಂತದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಬಾರಿಗೆ ಕೂಡಿಸಿದಾಗ ಜಗಳಗಳು ಹುಟ್ಟಿದವು. ಪರಿಹಾರವನ್ನು ಸೂಚಿಸಲು ಬಂದ ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞನು ಉಪದೇಶದ ಗೊಡವೆಗೆ ಹೋಗದೆ ಪಾಠದ ರಚನೆಯನ್ನೇ ಬದಲಾಯಿಸಿದನು. ಚಿತ್ರದ ತುಂಡುಗಳನ್ನು ಜೋಡಿಸುವ ಆಟದ ಹೆಸರಿನಿಂದ ಇದಕ್ಕೆ ಜಿಗ್‌ಸಾ ಕ್ರಮವೆಂದು ಹೆಸರಾಯಿತು. ಐದಾರು ಮಕ್ಕಳ ಮಿಶ್ರ ಗುಂಪುಗಳನ್ನು ಮಾಡಿ, ಪಾಠವನ್ನೂ ಅಷ್ಟೇ ಭಾಗಗಳಾಗಿ ಒಡೆದು, ಒಬ್ಬೊಬ್ಬರಿಗೆ ಒಂದೊಂದನ್ನು ಮಾತ್ರ ಕೊಡಬೇಕು. ಒಂದೇ ಭಾಗವನ್ನು ಪಡೆದ ಬೇರೆ ಬೇರೆ ಗುಂಪಿನವರು ಕೂಡಿ ಅದನ್ನು ಚರ್ಚಿಸಿ, ತಮ್ಮ ಗುಂಪಿಗೆ ಹಿಂತಿರುಗಿ ಕಲಿಸಬೇಕು. ಕೊನೆಯಲ್ಲಿ ಪ್ರತಿಯೊಬ್ಬರಿಗೂ ಇಡೀ ಪಾಠದ ಮೇಲೆ ಪರೀಕ್ಷೆ. ತೊದಲುವ ಸಹಪಾಠಿಯನ್ನು ನಕ್ಕು ಬಾಯಿಮುಚ್ಚಿಸಿದರೆ ಅವನ ಬಳಿಯಿರುವ ಭಾಗವು ತನಗೆ ದೊರೆಯದೆಂಬುದು ಮಕ್ಕಳಿಗೆ ಬೇಗನೆ ಅರಿವಾಗುತ್ತದೆ. ನಗುವುದನ್ನು ಬಿಟ್ಟು ಪ್ರಶ್ನೆ ಕೇಳಿ ಅವನಿಂದ ವಿಷಯ ಹೊರಡಿಸಲು ಕಲಿಯುತ್ತಾರೆ. ಆಸ್ಟಿನ್ನಿನಲ್ಲಿ ಕೆಲವು ವಾರಗಳೊಳಗಾಗಿ ಮಕ್ಕಳ ಪರಸ್ಪರ ಒಲವು ಹೆಚ್ಚಿತು. ಹಿಂದುಳಿದಿದ್ದ ಸಮುದಾಯಗಳ ಮಕ್ಕಳ ಅಂಕಗಳು ಏರಿದವು, ಬಿಳಿಯ ಮಕ್ಕಳ ಅಂಕಗಳೇನೂ ಇಳಿಯಲಿಲ್ಲ. ಅನಂತರ ಬೇರೆ ದೇಶಗಳಲ್ಲಿ ನಡೆದ ಎಲ್ಲ ಪರೀಕ್ಷೆಗಳಲ್ಲಿಯೂ ಫಲವು ಒಂದೇ ಪ್ರಮಾಣದಲ್ಲಿ ಕಂಡುಬಂದಿಲ್ಲವಾದರೂ, ಯಾರನ್ನೂ ನೋಯಿಸದೆ ಸಮಾನತೆಯನ್ನು ಅಭ್ಯಾಸಮಾಡಿಸುವ ಕ್ರಮವೆಂಬ ಕಾರಣದಿಂದ ಇದು ಉಳಿದೆರಡಕ್ಕಿಂತ ಮೇಲೆಂದು ನಮ್ಮ ಅಭಿಪ್ರಾಯ.

6. ನಮ್ಮ ನಾಡಿನ ಸಂದರ್ಭ

ಕರ್ನಾಟಕದಲ್ಲಿ ಈ ಪಾಠಕ್ಕೆ ಅವಶ್ಯಕತೆಯಿದೆಯೆ ಎಂದು ಕೇಳುವವರು ಕೆಲವು ಸಂಗತಿಗಳನ್ನು ನೆನೆಯಬೇಕು. 2012ರ ಆಗಸ್ಟಿನಲ್ಲಿ ಬರಿಯ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ವದಂತಿಯನ್ನು ನಂಬಿ ಅಷ್ಟು ಜನ ಹೊರಟರೆಂದರೆ, ಅದಕ್ಕೆ ಮೊದಲೇ ಅವರ ಮನಸ್ಸಿನಲ್ಲಿ ಪರಕೀಯಭಾವವು ಮನೆಮಾಡಿತ್ತೆಂದು ಊಹಿಸಬೇಕಾಗುತ್ತದೆ. 2014ರಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಒಪ್ಪಿಸಿದ ಬೆಜ್‌ಬರುವಾ ಸಮಿತಿಯು, ಈಶಾನ್ಯದ ಇತಿಹಾಸವನ್ನು ದೇಶದ ಎಲ್ಲ ಪಠ್ಯಕ್ರಮಗಳಲ್ಲಿ ಸೇರಿಸಬೇಕೆಂದು ಸಲಹೆಮಾಡಿದುದು ಈ ಕಾರಣದಿಂದಲೇ. ಇನ್ನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಕನ್ನಡವನ್ನೇ ಆಡುವ ಸಿದ್ದಿ ಬಾಲಕನನ್ನು ‘ನೀನು ಯಾವ ದೇಶದವನು?’ ಎಂದು ಕೇಳುವವರು ಈಗಲೂ ಇದ್ದಾರೆ.

ಇಲ್ಲಿಗೆ ಒಪ್ಪುವ ಪಾಠವೊಂದನ್ನು ನಿದರ್ಶನವಾಗಿ ಸೂಚಿಸುತ್ತೇವೆ. ಮಲಿಕ್ ಅಂಬರನ ಜೀವನವನ್ನು ಜಿಗ್‌ಸಾ ಕ್ರಮಕ್ಕೆ ಸುಲಭವಾಗಿ ಅಳವಡಿಸಬಹುದು. ಇಥಿಯೋಪಿಯಾದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಗುಲಾಮನಾಗಿ ಮಾರಾಟವಾದುದು ಒಂದು ಭಾಗ. ಅಹಮದ್‌ನಗರಕ್ಕೆ ಬಂದು, ಒಡೆಯನ ಮರಣಾನಂತರ ಬಿಡುಗಡೆ ಹೊಂದಿದುದು ಎರಡನೆಯದು. ವಿಜಾಪುರದಲ್ಲಿ ಸೇವೆ ಮಾಡಿ ಸ್ವಂತ ಪಡೆ ಕಟ್ಟಿದುದು ಮೂರನೆಯದು. 1600ರಲ್ಲಿ ಅಹಮದ್‌ನಗರದ ಕೋಟೆಯು ಮೊಗಲರ ವಶವಾದ ಮೇಲೆ ನಿಜಾಮ್‌ಶಾಹಿ ವಂಶದವನನ್ನು ಪಟ್ಟಕ್ಕೇರಿಸಿ ತಾನೇ ರಾಜ್ಯಭಾರ ನಡೆಸಿದುದು ನಾಲ್ಕನೆಯದು. 1624ರ ಭಾತವಡಿ ಯುದ್ಧವೂ ಕೂಟಯುದ್ಧದ ಕ್ರಮವೂ ಐದನೆಯದು. ಮುಂದೆ ಔರಂಗಾಬಾದೆನಿಸಿದ ಖಿಡ್ಕಿ ನಗರದ ಸ್ಥಾಪನೆ, ನೀರಿನ ಕಾಲುವೆಗಳು, ಕಂದಾಯದ ವ್ಯವಸ್ಥೆ ಆರನೆಯದು. ವಿಜಾಪುರದ ಆದಿಲ್‌ಶಾಹಿ ಆಸ್ಥಾನದ ಇಖ್ಲಾಸ್ ಖಾನನಂಥ ಹಬಸಿ ಸರದಾರರ ವಿಷಯವನ್ನೂ ಇದಕ್ಕೆ ಸೇರಿಸಬಹುದು. ಆರು ಮಕ್ಕಳು ತಮ್ಮ ತಮ್ಮ ಭಾಗಗಳನ್ನು ಜೋಡಿಸಿದಾಗ, ದಖ್ಖನದ ಚರಿತ್ರೆಯಲ್ಲಿ ಆಫ್ರಿಕಾದವರು ಅತಿಥಿಗಳಲ್ಲ, ಪಾಲುದಾರರೆಂಬ ಸತ್ಯವು ತಾನಾಗಿ ಹೊರಪಡುತ್ತದೆ.

7. ಅವಮಾನದ ಮಾತು ಕೇಳಿಬಂದಾಗ

ಪಾಠವು ಎಷ್ಟು ಚೆನ್ನಾಗಿದ್ದರೂ, ತರಗತಿಯಲ್ಲಿ ಹೀನಾಯದ ಮಾತೊಂದು ಕೇಳಿಬಂದ ಗಳಿಗೆಯಲ್ಲಿ ಅಧ್ಯಾಪಕನು ನಡೆದುಕೊಳ್ಳುವ ರೀತಿಯೇ ನಿಜವಾದ ಪರೀಕ್ಷೆ. ಕೇಳದವನಂತೆ ಇದ್ದುಬಿಟ್ಟರೆ ಆ ಮಾತಿಗೆ ಶಾಲೆಯ ಒಪ್ಪಿಗೆಯಿದೆಯೆಂದು ಮಕ್ಕಳು ತಿಳಿಯುತ್ತಾರೆ; ಆಲ್‌ಪೋರ್ಟನ ನಾಲ್ಕನೆಯ ನಿಯಮವು ಅಲ್ಲಿಗೆ ಮುರಿಯುತ್ತದೆ. ಮೊದಲು ನೊಂದ ಮಗುವಿಗೆ ಆಸರೆಯಾಗಬೇಕು. ಆಡಿದ ಮಾತು ತಪ್ಪೆಂದು ಎಲ್ಲರೆದುರಿಗೆ ಸ್ಪಷ್ಟವಾಗಿ ಹೇಳಬೇಕು. ಆಡಿದವನನ್ನು ದುಷ್ಟನೆಂದು ಕರೆಯಬೇಕಾಗಿಲ್ಲ, ಅವನೊಡನೆ ಏಕಾಂತದಲ್ಲಿ ಮಾತನಾಡಬೇಕು. ತನ್ನ ಸಮುದಾಯದ ಪರವಾಗಿ ವಿವರಣೆ ಕೊಡೆಂದು ನೊಂದವನನ್ನೇ ಎಬ್ಬಿಸಿ ನಿಲ್ಲಿಸಕೂಡದು. ಸುತ್ತ ನಿಂತು ಕೇಳಿದವರಿಗೂ ಕೆಲಸವಿದೆ. ‘ಹಾಗೆ ಕರೆಯಬೇಡ’, ‘ಅವನ ಹೆಸರು ಹೇಳಿ ಕರೆ’ ಎಂಬಂಥ ಚಿಕ್ಕ ಮಾತುಗಳನ್ನು ಸಣ್ಣ ನಾಟಕಗಳ ಮೂಲಕ ಮುಂಚೆಯೇ ಅಭ್ಯಾಸಮಾಡಿಸಿದರೆ, ಸಮಯಕ್ಕೆ ಅವು ನಾಲಗೆಗೆ ಬರುತ್ತವೆ. ಅನ್ಯಾಯವನ್ನು ಕಂಡೂ ಸುಮ್ಮನಿರುವ ಮಕ್ಕಳಲ್ಲಿ ಹಲವರು ಧೈರ್ಯವಿಲ್ಲದವರಲ್ಲ. ಏನು ಹೇಳಬೇಕೆಂದು ತಿಳಿಯದವರು.

ಒಟ್ಟಿನಲ್ಲಿ, ವಿಜ್ಞಾನವು ಸುಳ್ಳನ್ನು ಸುಳ್ಳೆಂದು ತಿಳಿಸುತ್ತದೆ. ಚರಿತ್ರೆಯು ಮರೆತ ಪಾಲುದಾರರನ್ನು ನೆನಪಿಗೆ ತರುತ್ತದೆ. ಸಹಕಾರದ ಪಾಠಕ್ರಮವು ಸಮಾನತೆಯನ್ನು ರೂಢಿಗೆ ತರುತ್ತದೆ. ಅಧ್ಯಾಪಕನ ನಡತೆಯು ಇವೆಲ್ಲಕ್ಕೂ ಬೆಲೆ ತರುತ್ತದೆ. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಸಾಲದು. ಶಿಕ್ಷಣ ಕಾಲೇಜುಗಳಲ್ಲಿ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳು ತಮ್ಮ ಅಭ್ಯಾಸಪಾಠಗಳಲ್ಲಿ ಒಂದನ್ನಾದರೂ ಮೇಲ್ಕಂಡ ಕ್ರಮದಲ್ಲಿ ರಚಿಸಿ, ಪಾಠಕ್ಕೆ ಮುಂಚೆಯೂ ಅನಂತರವೂ ಮಕ್ಕಳು ಯಾರೊಡನೆ ಕೂರಲು, ಯಾರೊಡನೆ ಆಡಲು ಬಯಸುತ್ತಾರೆಂಬುದನ್ನು ಗುರುತುಹಾಕಿಕೊಂಡರೆ, ನಮ್ಮ ನಾಡಿನ ಶಾಲೆಗಳ ಅನುಭವವೇ ಈ ವಿಷಯದಲ್ಲಿ ನಮಗೆ ಆಧಾರವಾಗುವುದು. ಆ ಕೆಲಸವು ಕೈಗೂಡಲೆಂದು ಆಶಿಸುತ್ತೇವೆ.