ಎರೆ ಮಣ್ಣಿಗೆ ಸನ್‌ರೂಫ್ ಯಾಕ್ರೀ? ಎಸ್‌ಯುವಿ ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಭಾನುವಾರ ಬೆಳಿಗ್ಗೆ ಸಾಣಾಪುರ ಕೆರೆ ಕಡೆ ಹೋದರೆ ಕೆಎ-37 ನಂಬರಿನ ಕಾಂಪ್ಯಾಕ್ಟ್ ಎಸ್‌ಯುವಿಗಳು ಸಾಲಾಗಿ ನಿಂತಿರುತ್ತವೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬಂದವರು, ಬಂಡೆ ಹತ್ತುವ ಹುಡುಗರು, ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿ ನೋಡಲು ಹೊರಟವರು. ವಾರವಿಡೀ ಆಫೀಸು, ರಜೆ ಬಂದರೆ ಸುತ್ತಾಟ. ಅದಕ್ಕೊಂದು ಗಾಡಿ ಬೇಕು, ಸರಿ. ಆದರೆ ಏಳು ವರ್ಷ ಇಎಂಐ ಕಟ್ಟಬೇಕಾದ ಗಾಡಿ ನಮ್ಮ ಕೊಪ್ಪಳ ಸೀಮೆಗೆ ಹೊಂದುತ್ತದಾ ಅಂತ ಕೇಳಿಕೊಳ್ಳುವವರು ಕಡಿಮೆ.

ಕುಷ್ಟಗಿಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗಾಗಿ ಹೋದ ತಿಂಗಳು ಷೋರೂಮುಗಳನ್ನು ಸುತ್ತಿದೆ. ಅವನ ಮೊದಲ ಪ್ರಶ್ನೆ, "ಅಣ್ಣಾ, ಸನ್‌ರೂಫ್ ಇಲ್ಲದ್ದು ತಗೊಂಡ್ರ ಮಂದಿ ಏನಂತಾರ?" ಏಪ್ರಿಲ್ ಬಿಸಿಲಿನಲ್ಲಿ ಅದನ್ನ ಯಾರು ತೆಗೀತಾರಪ್ಪ ಅಂದೆ. ನಮ್ಮ ಕಡೆ ಬೇಸಿಗೆಗೆ ಬೇಕಿರುವುದು ಹಿಂದಿನ ಸೀಟಿಗೂ ಗಾಳಿ ಬಿಡುವ ಎಸಿ ವೆಂಟ್.

ಸನ್‌ರೂಫಿನಲ್ಲಿ ಇನ್ನೊಂದು ಗುಟ್ಟಿದೆ. ಕರ್ನಾಟಕದಲ್ಲಿ ಕಾರಿನ ಬೆಲೆ 10 ಲಕ್ಷದೊಳಗಿದ್ದರೆ ಜೀವಿತಾವಧಿ ತೆರಿಗೆ 14%, ದಾಟಿದರೆ 17%, ಅದರ ಮೇಲೆ ಸೆಸ್ ಬೇರೆ. 9.90 ಲಕ್ಷದ ಗಾಡಿಯ ಜಾಗದಲ್ಲಿ 10.40 ಲಕ್ಷದ್ದು ತೆಗೆದುಕೊಂಡರೆ ಹೆಚ್ಚಾಗುವುದು ಬರೀ 50 ಸಾವಿರ ಅಲ್ಲ. ತೆರಿಗೆಯಲ್ಲೇ ಇನ್ನೂ ಸುಮಾರು 38 ಸಾವಿರ ಕೂಡುತ್ತದೆ.

ಜಿಎಸ್‌ಟಿಯಲ್ಲೂ ಹೀಗೇ ಒಂದು ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ದಾಟದ ಎಂಜಿನ್ ಇದ್ದರೆ 18%. ಇಲ್ಲದಿದ್ದರೆ 40%. ಬ್ರೆಝಾ ನಾಲ್ಕು ಮೀಟರಿನೊಳಗೇ ಇದೆ, ಆದರೆ ಎಂಜಿನ್ 1462 ಸಿಸಿ, ಹಾಗಾಗಿ 40%ಕ್ಕೆ ಬೀಳುತ್ತದೆ. ಅದು ಕೆಟ್ಟ ಗಾಡಿ ಅಂತಲ್ಲ, ನಿಮ್ಮ ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿರಲಿ.

ಇನ್ನು ಮಣ್ಣಿನ ಮಾತು. ಯಲಬುರ್ಗಾ, ಕುಷ್ಟಗಿ ಕಡೆ ಎರೆ ಹೊಲಗಳಿವೆ. ಒಂದು ಹದ ಮಳೆ ಬಿದ್ದರೆ ಮಣ್ಣು ಟೈರಿಗೆ ಅಂಟಿ ರೊಟ್ಟಿ ಹಿಟ್ಟಿನಂತೆ ಸುತ್ತಿಕೊಳ್ಳುತ್ತದೆ. ಎಸ್‌ಯುವಿ ಅಂದಕೂಡಲೇ ಎಲ್ಲಿ ಬೇಕಾದರೂ ನುಗ್ಗುತ್ತದೆ ಅಂದುಕೊಳ್ಳಬೇಡಿ. ಈ ಗಾತ್ರದ ಬಹುಪಾಲು ಗಾಡಿಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಜಿಮ್ನಿ ಇದೆ, ನಿಜ, ಆದರೆ ಅದರ ಡಿಕ್ಕಿ 208 ಲೀಟರ್, ನೆಕ್ಸಾನ್‌ನದ್ದು 382. ವರ್ಷಕ್ಕೆ ನಾಲ್ಕು ದಿನ ಹೊಲಕ್ಕೆ ಹೋಗುವವರು ಆ ನಾಲ್ಕು ದಿನ ಡಾಂಬರು ರಸ್ತೆಯಲ್ಲೇ ಗಾಡಿ ನಿಲ್ಲಿಸಿ ನಡೆದುಹೋದರೆ ಆಯಿತು. ಮಳೆಗಾಲ ಪೂರ್ತಿ ತೋಟದ ಮನೆಯಲ್ಲಿ ಇರುವವರ ಲೆಕ್ಕ ಬೇರೆ.

ಗ್ರೌಂಡ್ ಕ್ಲಿಯರೆನ್ಸ್ 200 ಮಿಮೀ ಎಂದು ಬ್ರೋಷರ್‌ನಲ್ಲಿ ಇದ್ದರೆ ಅದು ಖಾಲಿ ಗಾಡಿಯದ್ದೋ ಜನ ತುಂಬಿದ್ದೋ ಎಂದು ಕೇಳಿ. ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಅಕ್ಕಿ ಚೀಲ ಇಟ್ಟರೆ ಗಾಡಿ ಕೆಳಗೆ ಕೂರುತ್ತದೆ. ನಮ್ಮೂರುಗಳ ರೋಡ್ ಹಂಪ್ ಯಾವ ಅಳತೆ ಪ್ರಕಾರ ಹಾಕಿದ್ದೋ ಆ ದೇವರಿಗೇ ಗೊತ್ತು.

ಟೈರ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಇಲ್ಲಿ ಕಾಲುದಾರಿಯಿಂದ ಕೆರೆ ಏರಿವರೆಗೆ ಬಳ್ಳಾರಿ ಜಾಲಿ. ಆ ಮುಳ್ಳಿಗೆ ಹೊಸ ಟೈರೂ ಒಂದೇ, ಹಳೇದೂ ಒಂದೇ. ಡಿಕ್ಕಿಯ ತಳದ ಹಲಗೆ ಎತ್ತಿ ನೋಡಿ: ಪೂರ್ತಿ ಗಾತ್ರದ ಸ್ಟೆಪ್ನಿ ಇದೆಯೋ, ಸಣ್ಣದಿದೆಯೋ, ಬರೀ ಪಂಕ್ಚರ್ ಕಿಟ್ ಇದೆಯೋ? ದೊಡ್ಡ ಅಲಾಯ್, ತೆಳು ಟೈರು ಫೋಟೊಗೆ ಚಂದ. ಕಲ್ಲಿನ ದಾರಿಗೆ 16 ಇಂಚಿನ ಚಕ್ರ, ದಪ್ಪ ಟೈರೇ ಲೇಸು, ಬದಲಿಸುವಾಗ ಖರ್ಚೂ ಕಡಿಮೆ.

ಡೀಸೆಲ್ಲೋ ಪೆಟ್ರೋಲೋ? ಕೊಪ್ಪಳದಿಂದ ಗಂಗಾವತಿಗೆ ದಿನಾ ಹೋಗಿಬರುವವರಿಗೆ ಡೀಸೆಲ್ ಯೋಚಿಸಬಹುದು. ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರ್ ಅನ್ನುವವರಿಗೆ ಬೇಡ. ಬಿಎಸ್-6 ಡೀಸೆಲ್‌ನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸದಿದ್ದರೆ ಅದು ಕಟ್ಟಿಕೊಂಡು ಗ್ಯಾರೇಜಿಗೆ ಕರೆದೊಯ್ಯುತ್ತದೆ. ಸಿಎನ್‌ಜಿ ಆದರೆ ಸಿಲಿಂಡರ್ ಡಿಕ್ಕಿಯಲ್ಲಿ ಎಷ್ಟು ಜಾಗ ತಿನ್ನುತ್ತದೆ, ಬಂಕ್ ಮನೆಗೆ ಎಷ್ಟು ದೂರ, ಇವೆರಡೇ ಪ್ರಶ್ನೆ.

ಸುರಕ್ಷತೆಗೆ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಸ್ಟಾರ್‌ಗಳಿವೆ, ನೋಡಿ. ಅದಕ್ಕಿಂತ ಮೊದಲು ಕತ್ತಲಾದ ಮೇಲೆ ಓಡಿಸಿ ನೋಡಿ. ಗಂಗಾವತಿ ರಸ್ತೆಯಲ್ಲಿ ಭತ್ತದ ಸುಗ್ಗಿಯಾದಾಗ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ದಿಢೀರನೆ ಎದುರಾಗುತ್ತದೆ. ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆ ಎಂಬುದು ಆಗ ಜೀವದ ಪ್ರಶ್ನೆ. ರಸ್ತೆ ಮೇಲೆ ಹುರುಳಿ ಹಾಸಿದ್ದರೆ ಅದರ ಮೇಲೆ ಹಾಯಿಸಲೇಬೇಡಿ. ಬಳ್ಳಿ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್ ತಾಗಿದರೆ ಬೆಂಕಿ ಹತ್ತುತ್ತದೆ, ಗಾಡಿ ಎಷ್ಟೇ ಎತ್ತರ ಇರಲಿ.

ಟೆಸ್ಟ್ ಡ್ರೈವ್‌ಗೆ ನಾವು ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಸೀರೆಯುಟ್ಟು, ಮೊಣಕಾಲು ನೋವಿಟ್ಟುಕೊಂಡು ಹಿಂದಿನ ಬಾಗಿಲಿನಿಂದ ಹತ್ತಿದರು, ಇಳಿದರು, ಮತ್ತೊಮ್ಮೆ ಹತ್ತಿದರು. ಸೇಲ್ಸ್ ಹುಡುಗ ಟಚ್‌ಸ್ಕ್ರೀನ್ ತೋರಿಸುತ್ತಿದ್ದ. "ಅದಿರ್ಲಿ ತಮ್ಮಾ, ಕಾಲಿಡಾಕ ಇಷ್ಟ್ ಎತ್ತರ ಯಾಕ ಮಾಡೀರಿ?" ಎಂದರು. ಆ ಗಾಡಿ ಅಲ್ಲಿಗೇ ಪಟ್ಟಿಯಿಂದ ಹೋಯಿತು. ಉಳಿದ ಎರಡರಲ್ಲಿ ಕುಷ್ಟಗಿಗೆ ಸರ್ವಿಸ್ ಸೆಂಟರ್ ಹತ್ತಿರವಿರುವುದನ್ನು ತಮ್ಮ ಬುಕ್ ಮಾಡಿದ್ದಾನೆ, ಸನ್‌ರೂಫ್ ಇಲ್ಲದ್ದು.